ಗಂಟಲು ಕಟ್ಟಿದವರು ಕೂಗುವುದಿಲ್ಲ

ಆಗಸ್ಟ್ ಬಂತೆಂದರೆ ದೂರದೇಶದ ಬೆಟ್ಟನಾಡು ಅಟ್‌ಬಾಶಿ ಕಡೆಯ ಹಳ್ಳಿಗಳಲ್ಲಿ ಮನೆಮನೆಯ ಮಾಡಿನ ಮೇಲೂ ಕುರುತ್ ಒಣಗುತ್ತಿರುತ್ತದೆ. ಹುಳಿಮೊಸರಿನ ನೀರಿಳಿಸಿ, ಉಪ್ಪು ಬೆರೆಸಿ, ಗೋಲಿಯಷ್ಟು ಉಂಡೆ ಕಟ್ಟಿ ಬಿಸಿಲಿಗಿಟ್ಟರೆ ಕಲ್ಲಿನಂತಾಗುತ್ತದೆ. ಮಕ್ಕಳು ಅದನ್ನು ದವಡೆಯಲ್ಲಿಟ್ಟುಕೊಂಡೇ ಓಡಾಡುತ್ತಾರೆ. ಕುಮುಶಾಯ್ ಹಾಗೆಯೇ ಬೆಳೆದವಳು, ಐದು ಮಕ್ಕಳನ್ನು ಹಾಗೆಯೇ ಬೆಳೆಸಿದವಳು. ಮೂರು ತುಂಬದ ಮೊಮ್ಮಗ ತಿಲೆಕ್ ಅಂಗಳದಲ್ಲಿ ಕೈಯೊಡ್ಡಿದಾಗ ಒಂದು ಉಂಡೆ ಕೊಟ್ಟಳು. ಯೋಚಿಸುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಮಗು ಅದನ್ನು ಬಾಯಿಗಿಟ್ಟುಕೊಂಡು ಕರುವಿನ ಹಿಂದೆ ಓಡಿತು. ಎಡವಿ ಬಿತ್ತು. ಎದ್ದಾಗ ಅಳಲಿಲ್ಲ. ಬಾಯಿ ತೆರೆದಿತ್ತು, ಸದ್ದೇ ಇರಲಿಲ್ಲ. ಕುಮುಶಾಯ್ ಬೆರಳು ಹಾಕಿ ತಡಕಿದಳು. ಉಂಡೆ ಇನ್ನಷ್ಟು ಒಳಗೆ ಹೋಯಿತು. ಕಾಲು ಹಿಡಿದು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಪಕ್ಕದ ಮನೆಯವರು ನೀರು ತಂದು ಬಾಯಿಗೆ ಹೊಯ್ದರು. ಹಾಲು ಕರೆಯುತ್ತಿದ್ದ ಸೊಸೆ, ತಿಲೆಕ್‌ನ ತಾಯಿ ನಜೀರಾ ಓಡಿ ಬರುವ ಹೊತ್ತಿಗೆ ಮಗುವಿನ ತುಟಿ ನೀಲಿಯಾಗಿತ್ತು. ಆಸ್ಪತ್ರೆಗೆ ಹೊರಟ ಕಾರು ಊರಿನ ಸೇತುವೆ ದಾಟುವ ಮೊದಲೇ ಎಲ್ಲ ಮುಗಿದಿತ್ತು.

ನಲವತ್ತನೆಯ ದಿನದ ಊಟವೂ ಆಯಿತು. ನಜೀರಾ ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಕುಮುಶಾಯ್‌ಗೆ ಹಗುರವಾಗುತ್ತಿತ್ತೇನೋ. ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತಿದ್ದಳು, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು. ಆದರೆ ಏಳು ತಿಂಗಳ ಹೆಣ್ಣುಕೂಸು ಅಯ್ಪೆರಿಯನ್ನು ಮಾತ್ರ ಅತ್ತೆಯ ಕೈಗೆ ಕೊಡುತ್ತಿರಲಿಲ್ಲ. ಹಸುವಿನ ಬಳಿ ಹೋಗುವಾಗಲೂ ಬೆನ್ನಿಗೆ ಕಟ್ಟಿಕೊಂಡೇ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಊರಿನ ಆರೋಗ್ಯ ಕಾರ್ಯಕರ್ತೆ ಬತ್ಮಾ ಬಂದಳು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಬೆನ್ನಿಗೆ ಗುದ್ದಿ ಹೇಗೆ ತೆಗೆಯಬೇಕೆಂದು ತಿಲೆಕ್ ಹೋದ ಮೇಲೆ ಮನೆಮನೆಗೂ ಹೋಗಿ ಕಲಿಸುತ್ತಿದ್ದೇನೆ, ಇಲ್ಲಿಗೆ ಬರುವ ಧೈರ್ಯ ಮಾತ್ರ ಇಷ್ಟು ದಿನ ಆಗಿರಲಿಲ್ಲ ಎಂದಳು. ಕುಮುಶಾಯ್ ಮುಖ ತಿರುಗಿಸಿದಳು.

"ಅವನ ಆಯಸ್ಸು ಅಷ್ಟೇ ಇತ್ತು ಕಣೆ. ದೇವರು ಬರೆದದ್ದನ್ನ ನೀನು ಬೆನ್ನಿಗೆ ಗುದ್ದಿ ಅಳಿಸ್ತೀಯಾ?"

"ಅದು ನನ್ನ ಕೈಲಾಗಲ್ಲ ಅಪಾ," ಎಂದಳು ಬತ್ಮಾ, ಅಲ್ಲಿಯವರು ಅಮ್ಮನನ್ನು ಕರೆಯುವ ಮಾತಿನಲ್ಲಿ. "ಗಂಟಲಲ್ಲಿ ಸಿಕ್ಕಿದ್ದನ್ನ ತೆಗೀಬಹುದು, ಅಷ್ಟೇ."

"ಹಂಗಂದ್ರೆ ನನಗೆ ಗೊತ್ತಿದ್ದಿದ್ರೆ ಮಗು ಉಳೀತಿತ್ತು ಅಂತಾಯ್ತು. ಅದನ್ನ ಹೇಳೋಕೇ ಬಂದ್ಯಾ ನನ್ನ ಮನೆಗೆ?"

ಬತ್ಮಾ ಮೆಲ್ಲಗೆ ಹೇಳಿದಳು: "ಉಳೀತಿತ್ತೇನೋ. ನಿಮ್ಮ ಮುಂದೆ ಸುಳ್ಳು ಹೇಳಲ್ಲ. ಆದ್ರೆ ನಿಮಗೆ ಯಾರು ಹೇಳಿಕೊಟ್ಟಿದ್ರು? ಹೇಳಿಕೊಡಬೇಕಾಗಿದ್ದವಳು ನಾನು. ಹನ್ನೊಂದು ವರ್ಷದಿಂದ ಈ ಊರಲ್ಲಿದೀನಿ, ಒಂದು ದಿನಾನೂ ಬಾಯಿ ಬಿಡಲಿಲ್ಲ. ತಪ್ಪನ್ನ ಒಬ್ರೇ ಹೊರಬೇಡಿ."

ಕುಮುಶಾಯ್ ಸೆರಗಿನಂತೆ ತಲೆವಸ್ತ್ರ ಮುಖಕ್ಕೆಳೆದುಕೊಂಡು ಅತ್ತಳು. ಅತ್ತು ಮುಗಿಸಿ, ತೋರಿಸು ಎಂದಳು.

ಬತ್ಮಾ ಒಂದು ದಿಂಬನ್ನೇ ಕೂಸು ಮಾಡಿಕೊಂಡಳು. ವರ್ಷ ತುಂಬದ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಗೆ ಆಸರೆ ಕೊಟ್ಟು, ತಲೆ ಮೈಗಿಂತ ಕೆಳಗಿರುವಂತೆ ಹಿಡಿದು, ಹೆಗಲುಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ ಅಂಗೈಯ ಬುಡದಿಂದಲೇ ಐದು ಸಲ ಒತ್ತುವುದು. ಕೂಸಿನ ಹೊಟ್ಟೆ ಮಾತ್ರ ಒತ್ತಬಾರದು. ದೊಡ್ಡ ಮಕ್ಕಳು, ದೊಡ್ಡವರಾದರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಐದು ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಜಗ್ಗುವುದು. ಬಸುರಿಗಾದರೆ ಹೊಟ್ಟೆಯ ಬದಲು ಎದೆ. ಸಿಕ್ಕಿದ್ದು ಹೊರಬರುವವರೆಗೆ ಎರಡನ್ನೂ ಸರದಿಯಂತೆ ಮಾಡುತ್ತಲೇ ಇರುವುದು.

"ಕೆಮ್ಮೋಕೆ ಆಗ್ತಿದ್ರೆ ಕೆಮ್ಮಲಿ, ಬಿಡಿ. ಸದ್ದೇ ನಿಂತುಹೋದ್ರೆ ಆಗ ತಡ ಮಾಡಬೇಡಿ," ಎಂದಳು ಬತ್ಮಾ. ಕುಮುಶಾಯ್ ದಿಂಬನ್ನು ತೆಗೆದುಕೊಂಡು ಮತ್ತೆ ಮತ್ತೆ ಮಾಡಿದಳು. ನಜೀರಾ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬರಲಿಲ್ಲ.

ಅಕ್ಟೋಬರಿನ ಒಂದು ದಿನ ಅತ್ತೆ ಸೊಸೆ ಇಬ್ಬರೇ ಊಟಕ್ಕೆ ಕೂತಿದ್ದರು. ಬೇಯಿಸಿದ ಕುರಿಮಾಂಸವಿತ್ತು. ತೊಟ್ಟಿಲಲ್ಲಿ ಅಯ್ಪೆರಿ ಅಳತೊಡಗಿದ್ದರಿಂದ ನಜೀರಾ ಅವಸರದಲ್ಲಿ ನುಂಗುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು, ಕತ್ತಿನ ಮೇಲೆ ಕೈಯಿಟ್ಟುಕೊಂಡು ಹೊರಗೆ ಹೋದಳು. ಊಟದ ನಡುವೆ ಹಾಗೆ ಎದ್ದುಹೋಗಿ ಅಳುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಕುಮುಶಾಯ್ ಹಿಂದೆ ಹೋಗಬಾರದೆಂದು ಕೂತೇ ಇದ್ದಳು. ಆದರೆ ಅಳುವ ಸದ್ದು ಬರಲಿಲ್ಲ. ಕೆಮ್ಮೂ ಇಲ್ಲ.

ಬಟ್ಟಲು ಉರುಳಿದ್ದನ್ನೂ ನೋಡದೆ ಅವಳು ಓಡಿದಳು. ನಜೀರಾ ಗೋಡೆ ಹಿಡಿದು ನಿಂತಿದ್ದಳು, ಕಣ್ಣುಗುಡ್ಡೆಗಳು ಹೊರಗೆ ಬಂದಂತಿದ್ದವು.

"ಗಂಟಲು ಕಟ್ತಾ?"

ನಜೀರಾ ಹೌದೆಂದು ತಲೆಯಾಡಿಸಿದಳು. ಕುಮುಶಾಯ್ ಅವಳ ಎದೆಗೆ ಒಂದು ಕೈ ಕೊಟ್ಟು ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಐದು. ಬರಲಿಲ್ಲ. ಹಿಂದಿನಿಂದ ತಬ್ಬಿ ಜಗ್ಗಿದಳು. ಬರಲಿಲ್ಲ. ಅಕ್ಕಪಕ್ಕದವರಿಗೆ ಕೇಳುವಂತೆ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ ಎಂದು ಕೂಗುತ್ತಲೇ ಮತ್ತೆ ಬೆನ್ನಿಗೆ ಐದು, ಮತ್ತೆ ಹೊಟ್ಟೆಗೆ. ಅರವತ್ತು ದಾಟಿದ್ದರೂ ಹಿಡಿತ ಬಿಡಲಿಲ್ಲ. ನಾಲ್ಕನೆಯ ಸಲ ಜಗ್ಗಿದಾಗ ಮಾಂಸದ ತುಂಡು ಮಣ್ಣಿಗೆ ಬಿತ್ತು. ನಜೀರಾ ಉಸಿರೆಳೆದ ಸದ್ದು ಅಂಗಳಕ್ಕೆಲ್ಲ ಕೇಳಿತು.

ಇಬ್ಬರೂ ನೆಲದ ಮೇಲೆಯೇ ಕುಸಿದು ಕೂತರು. ಉಸಿರು ಹತೋಟಿಗೆ ಬಂದ ಮೇಲೆ ನಜೀರಾ ಕೇಳಿದಳು:

"ಅಪಾ, ಅವನಿಗೂ ಹಿಂಗೇ ಮಾಡಬೇಕಿತ್ತಾ?"

"ಹೂಂ ಕಣೆ. ಹಿಂಗೇ ಮಾಡಬೇಕಿತ್ತು."

ಒಳಗೆ ಅಯ್ಪೆರಿ ಇನ್ನೂ ಅಳುತ್ತಿತ್ತು. ನಜೀರಾಗೆ ಏಳಲು ಆಗಲಿಲ್ಲ. "ನೀವೇ ಎತ್ತಿಕೊಳ್ಳಿ," ಎಂದಳು.

ಹೊಟ್ಟೆ ಒತ್ತಿಸಿಕೊಂಡವರನ್ನು ಡಾಕ್ಟರಿಗೆ ತೋರಿಸಲೇಬೇಕೆಂದು ಸುದ್ದಿ ಕೇಳಿ ಬಂದ ಬತ್ಮಾ ಅವತ್ತೇ ನಜೀರಾಳನ್ನು ಕರೆದೊಯ್ದಳು. ಈಗ ಊರಿನ ಹೆಂಗಸರಿಗೆ ಕಲಿಸಲು ಮೂವರೂ ಒಟ್ಟಿಗೆ ಹೋಗುತ್ತಾರೆ. ತಿಲೆಕ್‌ನ ಕಥೆಯನ್ನು ಕುಮುಶಾಯ್ ತಾನೇ ಹೇಳುತ್ತಾಳೆ, ಏನನ್ನೂ ಮುಚ್ಚಿಡದೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಜ್ಜಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕುರುತ್ ಇರಲಿಕ್ಕಿಲ್ಲ. ಕಡಲೆಬೀಜ, ದ್ರಾಕ್ಷಿ, ಅಡಿಕೆ ಚೂರು, ಹುಣಸೆಬೀಜ, ನಾಣ್ಯ ಇವೆಯಲ್ಲ. ಸಣ್ಣ ಮಕ್ಕಳ ಕೈಗೆ ಅವು ಸಿಗದಿರಲಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ತಿನ್ನುವಾಗ ಮಕ್ಕಳು ಕೂತೇ ತಿನ್ನಲಿ. ಗಂಟಲು ಕಟ್ಟಿದವರಿಗೆ ನೀರು ಕುಡಿಸಬೇಡಿ, ಕಾಣದ ತುತ್ತಿಗೆ ಬೆರಳು ಹಾಕಬೇಡಿ. ಒಬ್ಬರು ಬೆನ್ನಿಗೆ ಗುದ್ದುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆ ಒತ್ತಲು ಶುರು ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ನರ್ಸನ್ನೋ ಈ ವಾರವೇ ಮನೆಗೆ ಕರೆದು, ಒಂದು ದಿಂಬು ಕೊಟ್ಟು, ಕಲಿಸಿ ಎಂದು ಕೇಳಿ. ಕುಮುಶಾಯ್ ಕಲಿತದ್ದು ಮಗುವನ್ನು ಮಣ್ಣು ಮಾಡಿದ ಮೇಲೆ. ನೀವು ಅದಕ್ಕೆ ಮೊದಲೇ ಕಲಿಯಿರಿ.