ಗೋಡೆಗುಂಟ ಹೋದ ಕೇಬಲ್

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ದಡದ ಆ ಮನೆಯಲ್ಲಿ ಐಲಿಗೆ ಬೆಳಗಿನ ಮೊದಲ ಅರ್ಧ ಗಂಟೆ ಅರೆನಿದ್ದೆಯದೇ. ಉಣ್ಣೆಯ ಕಾಲುಚೀಲ ತೊಟ್ಟು, ಕಾಫಿ ಲೋಟ ಹಿಡಿದು, ಅಡುಗೆಮನೆಯಿಂದ ಕಿಟಕಿಯವರೆಗೆ ತೇಲಿದ ಹಾಗೆ ನಡೆಯುತ್ತಾಳೆ. ಹೊರಗೆ ನೀರಿನ ಮೇಲಿಂದ ಮಂಜು ಮೆಲ್ಲಗೆ ಏಳುತ್ತಿರುತ್ತದೆ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಸೊಂಟದ ಆಪರೇಷನ್ ಆಗಿ ಮೂರು ತಿಂಗಳು ಮಲಗಿದ್ದವಳಿಗೆ ಆ ಹದಿನೈದು ಹೆಜ್ಜೆಯೇ ಸ್ವರ್ಗ. ಇನ್ನೊಮ್ಮೆ ಬಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಕಂಪ್ಯೂಟರಿನಲ್ಲಿ ತಂಗಿಯ ಜೊತೆ ಮಾತಾಡುವಾಗ, ತಂಗಿಯ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಅದಕ್ಕೇ ಗಂಡ ರೇನೊ ಇಂಟರ್‌ನೆಟ್ ಕೇಬಲ್ ಎಳೆದ. ಪಾಪ, ಹೆಂಡತಿಗಾಗಿಯೇ ಮಾಡಿದ್ದು. ಆದರೆ ಫಿನ್‌ಲೆಂಡಿನಿಂದ ಬಂದು ಈ ದಡದಲ್ಲಿ ನೆಲೆಸಿದವರ ಮನೆಗಳಲ್ಲಿ ಒಂದು ಚಾಳಿ ಇದೆ. ಕಣ್ಣಿಗೆ ಬೀಳಬಾರದ್ದೆಲ್ಲ ಚಿಂದಿ ಬಟ್ಟೆಯಲ್ಲಿ ನೇಯ್ದ ನೆಲಹಾಸಿನ ಕೆಳಗೆ ಸೇರುತ್ತದೆ. ರೇನೊ ಕೋಣೆಯ ನಟ್ಟನಡುವೆ ಕೇಬಲ್ ಹಾಯಿಸಿ, ತನ್ನ ಅವ್ವ ನೇಯ್ದ ಹಾಸನ್ನು ಮೇಲೆ ಎಳೆದು, ಕೈ ಕೊಡವಿಕೊಂಡ.

ಮಂಗಳವಾರ ಐಲಿಯ ಕಾಲು ಆ ಉಬ್ಬಿಗೆ ತಗುಲಿ ಹಾಸು ಸರ್ರನೆ ಜಾರಿತು. ಕುರ್ಚಿ ಕೈಗೆ ಸಿಕ್ಕಿತೋ, ಬಚಾವಾದಳು.

ಶನಿವಾರ ಪಕ್ಕದ ಮನೆಯ ವರ್ನಾ ಕಾಫಿಗೆ ಬಂದಳು. ಮೂವತ್ತು ವರ್ಷ ಟೆಲಿಫೋನ್ ಲೈನ್ ಎಳೆದ ಹೆಂಗಸು ಅವಳು; ಹಾಸಿನಡಿಯ ಉಬ್ಬು ಕಾಲಿಗೆ ತಾಗಿದ್ದೇ ತಿಳಿದುಹೋಯಿತು.

"ಏನೋ ರೇನೊ, ಹೆಂಡ್ತಿಗೆ ಬಲೆ ಹಾಕಿ ಕೂತಿದೀಯಾ?"

"ಎಲ್ಲಿ ಕಾಣುತ್ತೆ ಹೇಳು ನೋಡೋಣ. ಅಷ್ಟು ನೀಟಾಗಿದೆ."

"ಕಾಣದೇ ಇರೋದೇ ತೊಂದ್ರೆ ಮಾರಾಯ. ಕಂಡಿದ್ರೆ ದಾಟ್ಕೊಂಡು ಹೋಗ್ತಿದ್ಲು."

"ಗೋಡೆ ಸುತ್ತಿಸಿದ್ರೆ ಎರಡರಷ್ಟು ಕೇಬಲ್ ಬೇಕು. ಇವಳು ಸ್ವಲ್ಪ ಕೆಳಗೆ ನೋಡ್ಕೊಂಡು ನಡೆದ್ರೆ ಆಯ್ತಪ್ಪ."

ಐಲಿ ಲೋಟ ಕೆಳಗಿಟ್ಟಳು. "ನಾಲ್ಕು ದಿನ ಆಯ್ತು ರೇನೊ, ನಾನು ಕಿಟಕಿ ಹತ್ರ ಹೋಗೇ ಇಲ್ಲ. ಭಯ ಆಗುತ್ತೆ. ನೀನು ಗಮನಿಸ್ಲೂ ಇಲ್ಲ."

ರೇನೊನ ಮುಖ ಸಣ್ಣಗಾಯಿತು. ಆಮೇಲೆ ತಾನೇ ಬಗ್ಗಿ ಹಾಸು ಎತ್ತಿದ. ತೂಗುಕುರ್ಚಿಯ ಕಾಲಡಿ ಕೇಬಲ್ ಚಪ್ಪಟೆಯಾಗಿತ್ತು.

"ನೋಡು, ಒಳಗಿನ ಎಳೆ ಮುರಿದ್ರೆ ನಿನ್ನ ನಾದಿನಿ ಮುಖ ಮತ್ತೆ ನಿಂತ್ಹೋಗುತ್ತೆ," ಎಂದಳು ವರ್ನಾ.

ಮಧ್ಯಾಹ್ನ ಉದ್ದದ ಹೊಸ ಕೇಬಲ್ ಬಂತು. ರೇನೊ ಏಣಿ ಹತ್ತಿದ, ವರ್ನಾ ಕೆಳಗಿನಿಂದ ದಬಾಯಿಸಿದಳು. "ಮೊದ್ಲು ದಾರ ಹಿಡಿದು ದಾರಿ ಅಳೆ. ಹೀಟರ್‌ನಿಂದ ದೂರ ಇಡು. ಬಾಗಿಲು ಬಂತಾ, ಚೌಕಟ್ಟಿನ ಮೇಲಿಂದ ಹತ್ತಿಸಿ ಇಳಿಸು. ಮೂಲೇಲಿ ಮಡಚ್ಬೇಡ, ದುಂಡಗೆ ತಿರುಗ್ಸು. ಎರಡು ಗೇಣಿಗೊಂದು ಕ್ಲಿಪ್ ಸಾಕು, ಕೇಬಲ್ ಕತ್ತು ಹಿಸುಕಬೇಡ."

ಮರುದಿನ ಬೆಳಿಗ್ಗೆ ಐಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ನೆಲ ನೋಡಿದಳು. ಆಮೇಲೆ ತಲೆಯೆತ್ತಿ, ಮಂಜಿನ ಕಡೆಗೆ ನಡೆದಳು. ರೇನೊ ಉಸಿರು ಬಿಗಿಹಿಡಿದು ಅವಳ ಹೆಜ್ಜೆ ಎಣಿಸಿದ.

ನಿಮ್ಮ ಮನೆಯಲ್ಲೂ ಹಾಸಿನಡಿ, ಹೊಸ್ತಿಲಡ್ಡ ಕೇಬಲ್ ಮಲಗಿದೆಯೇ? ಇವತ್ತೇ ಎತ್ತಿ, ಗೋಡೆಗುಂಟ ಕಳಿಸಿ. ಮನೆಯವರು ಭಯವಿಲ್ಲದೆ, ತಲೆಯೆತ್ತಿ ನಡೆಯಲಿ.