ಇನ್ನೇನು ಬಂತು

ಬೆಟ್ಟ ಹತ್ತಿ ಬಂದವರೆಲ್ಲ ಹೊಗಳಿ ಬರೆಯುತ್ತಾರೆ ಅಂದುಕೊಂಡಿದ್ದರೆ ಒಂದು ದಿನ ನನ್ನ ಕುರ್ಚಿಯಲ್ಲಿ ಬಂದು ಕೂರಿ. ಗುಂಪು ಕಟ್ಟಿ ಚಾರಣಕ್ಕೆ ಕರೆದೊಯ್ಯುವ ಕಂಪನಿ ನಮ್ಮದು. ಬುಕಿಂಗೂ ನಾನೇ, ಆಮೇಲೆ ಗಿರಾಕಿಗಳು ಬರೆದ ಅಭಿಪ್ರಾಯ ಓದಿ ಉತ್ತರ ಕೊಡುವವಳೂ ನಾನೇ. "ಬೆಟ್ಟದಲ್ಲಿ ಏರು ಜಾಸ್ತಿ" ಎಂದು ಒಬ್ಬರು ಎರಡು ಸ್ಟಾರ್ ಕೊಟ್ಟಿದ್ದರು. ಮುಂದಿನ ಸಲ ಮಟ್ಟಸ ಮಾಡಿಸಿಡುತ್ತೇವೆ ಸ್ವಾಮಿ ಎಂದು ಬರೆಯಲು ಕೈ ತುರಿಸಿತು. "ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ" ಎಂದು ಬರೆದೆ. ಇನ್ನೊಬ್ಬಾಕೆಗೆ ಮೋಡ ಅಡ್ಡ ಬಂದು ಸೂರ್ಯೋದಯ ಕಾಣಲಿಲ್ಲವಂತೆ. ಮೋಡದ ಪರವಾಗಿ ಕ್ಷಮೆ ಕೇಳಿದೆ.

ಇವರನ್ನೆಲ್ಲ ಹೇಗೋ ಸಂಭಾಳಿಸಬಹುದು. ನನಗೆ ತಲೆನೋವು ತಂದವನು ಸ್ವಂತ ಅಣ್ಣ. ಅವನು ನಮ್ಮಲ್ಲೇ ಗೈಡು. ದಾರಿಯಲ್ಲಿ ಯಾರಾದರೂ ಏದುಸಿರು ಬಿಡುತ್ತಾ ಇನ್ನೂ ಎಷ್ಟು ದೂರ ಎಂದರೆ ಅವನದು ಒಂದೇ ಉತ್ತರ: "ಇನ್ನೇನು ಬಂತು." ಬಸ್ಸಿಳಿದ ಕೂಡಲೇ ಕೇಳಿದರೂ ಇನ್ನೇನು ಬಂತು. ಗಿರಾಕಿಗಳು ಅವನಿಗೆ ಇನ್ನೇನಪ್ಪ ಎಂದೇ ಹೆಸರಿಟ್ಟಿದ್ದರು. ಅವನನ್ನು ಬೈಯುತ್ತಾ ಬೈಯುತ್ತಾ ಎಲ್ಲರೂ ತುದಿ ಮುಟ್ಟುತ್ತಿದ್ದರು, ಹಲ್ಲು ಕಿಸಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಳಿದು ಬಂದು "ಗೈಡು ಶುದ್ಧ ಸುಳ್ಳ" ಎಂದು ಒಂದೇ ಸ್ಟಾರ್ ಕೊಡುತ್ತಿದ್ದರು.

ನಮ್ಮ ಮಾಲೀಕರು ಬೆಟ್ಟದ ದೊಡ್ಡ ಚಿತ್ರದ ಕೆಳಗೆ ಕೂರುವ ಮನುಷ್ಯ. ಲಿಫ್ಟ್ ಕೆಟ್ಟ ದಿನ ಆಫೀಸಿಗೇ ಬರುವುದಿಲ್ಲ. ಅಂಥವರು ಅಣ್ಣನನ್ನು ಕರೆಸಿದರು.

"ನೋಡಪ್ಪಾ, ಇನ್ನೊಂದು ಸಲ ಒಂದು ಸ್ಟಾರ್ ಬಂದ್ರೆ ನೀನು ಗೋಡೌನಲ್ಲಿ ಡೇರೆ ಮಡಚ್ಕೊಂಡು ಕೂತ್ಕೋ."

ಅಣ್ಣನ ಮುಖ ಬಿಳುಚಿಕೊಂಡಿತು. ಎರಡು ದಿನ ಮನೆಯಲ್ಲಿದ್ದರೆ "ಎಲ್ಲಾದ್ರೂ ಹತ್ಕೊಂಡು ಬನ್ನಿ ಅತ್ಲಾಗೆ" ಎಂದು ಅತ್ತಿಗೆಯೇ ಅಟ್ಟುವಂಥ ಆಸಾಮಿ ಅವನು. ಎಷ್ಟು ಸಲ ಹತ್ತಿದರೂ ತುದಿಯಲ್ಲಿ ನಿಂತಾಗ ಜೋರಾಗಿ ಕೂಗು ಹಾಕುತ್ತಾನಂತೆ.

"ಗೋಡೌನ್‌ಗೆ ಒಂದು ಕಿಟಕೀನೂ ಇಲ್ವಲ್ಲೇ," ಎಂದ ನನ್ನ ಹತ್ತಿರ ಬಂದು.

"ಹಾಗಾದ್ರೆ ಯಾರು ಕೇಳಿದ್ರೂ ನಿಜ ಹೇಳು."

"ನಿಜ ಹೇಳಿದ್ರೆ ಯಾರೇ ಹತ್ತುತ್ತಾರೆ?"

"ಹತ್ತದಿದ್ರೆ ಕತ್ತೆ ಬಾಲ! ನಿನ್ನ ಕೆಲಸ ಉಳೀಬೇಕೋ ಬೇಡ್ವೋ?"

ಮುಂದಿನ ಟ್ರಿಪ್ಪಿನಲ್ಲಿ, ಬಂಡೆಯೊಂದರ ಹತ್ತಿರ, ದಪ್ಪ ಬ್ಯಾಗಿನ ಮೇಡಂ ಒಬ್ಬರು ಕೇಳಿದರಂತೆ. ಅಣ್ಣ ಉಗುಳು ನುಂಗಿ, "ಇನ್ನೂ ಅರ್ಧಾನೂ ಆಗಿಲ್ಲ ಮೇಡಂ. ಮುಂದೆ ಇದಕ್ಕಿಂತ ಕಡಿದು," ಎಂದನಂತೆ. ಅಷ್ಟೇ. ಮೇಡಂ ಕೂತರು, ಅವರ ಗಂಡ ಕೂತರು, ನೋಡನೋಡುತ್ತಾ ಇಡೀ ಗುಂಪೇ ಕೂತಿತು. ತಂದ ತಿಂಡಿಯನ್ನು ಅಲ್ಲೇ ಮುಗಿಸಿ, ಇಸ್ಪೀಟಾಡಿ, ಇಳಿದು ಬಂದರು.

ಕೆಲಸ ಹೋಯಿತು ಎಂದೇ ನಾನು ಉಗುರು ಕಚ್ಚುತ್ತಾ ಕೂತಿದ್ದೆ. ಬಂದವು ನೋಡಿ, ಸಾಲು ಸಾಲಾಗಿ ಐದೈದು ಸ್ಟಾರ್! "ಇಂಥ ಪ್ರಾಮಾಣಿಕ ಗೈಡನ್ನು ಎಲ್ಲೂ ಕಂಡಿಲ್ಲ." "ನಮ್ಮ ಮೊಣಕಾಲು ಉಳಿಸಿದ ಪುಣ್ಯಾತ್ಮ." "ತುದಿಯಿಂದ ನೋಟ ಅದ್ಭುತ" ಎಂದು ಬರೆದ ಭೂಪನೂ ಒಬ್ಬನಿದ್ದ.

ಮಾಲೀಕರು ಹಿರಿಹಿರಿ ಹಿಗ್ಗಿದರು. ಬಂಡೆಯವರೆಗೆ ಹೋಗಿ ಬರುವುದಕ್ಕೆ 'ನೆಮ್ಮದಿ ಚಾರಣ' ಎಂದು ಹೆಸರಿಟ್ಟು, ಅಲ್ಲಿ ಮಡಚುವ ಕುರ್ಚಿ ಹಾಕಿಸಿದರು. ಉಳಿದ ಗೈಡುಗಳಿಗೂ ನಿಜ ಹೇಳಲು ತರಬೇತಿ ಕೊಡಿಸಿದರು. ಅಣ್ಣ ಬಂಡೆಗೆ ಹೋದ, ಬಂದ, ಹೋದ, ಬಂದ. ಹೊಟ್ಟೆ ಬಂತು, ಮಾತು ನಿಂತಿತು.

ವರ್ಷದ ಕೊನೆಯಲ್ಲಿ ಅವನಿಗೇ 'ಅತ್ಯುತ್ತಮ ಗೈಡು' ಫಲಕ. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದೆವು. ಅಣ್ಣ ಫಲಕ ಹಿಡಿದುಕೊಂಡೇ ಕೇಳಿದ:

"ಸಾರ್, ತುದಿಗೆ ಮತ್ತೆ ಯಾವಾಗ ಹೋಗೋದು?"

"ತುದಿಗಾ?" ಮಾಲೀಕರಿಗೆ ನಿಜಕ್ಕೂ ಆಶ್ಚರ್ಯ. ನನ್ನ ಕಡೆ ತಿರುಗಿದರು. "ಏನಮ್ಮಾ, ತುದಿಗೆ ಹೋಗ್ಲಿಲ್ಲ ಅಂತ ಯಾರಾದ್ರೂ ಕಂಪ್ಲೇಂಟ್ ಮಾಡಿದ್ದಾರಾ?"

"ಇಲ್ಲ ಸಾರ್," ಎಂದೆ. ಒಬ್ಬರೂ ಮಾಡಿರಲಿಲ್ಲ.

"ನಾನು ಮಾಡ್ತೀನಿ," ಎಂದ ಅಣ್ಣ.

"ಅದನ್ನ ಗಿರಾಕಿಗಳು ಮಾಡ್ಬೇಕಪ್ಪಾ. ನೀನು ಸಂಬಳದೋನು."

ಅಣ್ಣ ಫಲಕವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದ. "ಬರ್ಕೊಳ್ಳೇ. ತುದಿಗೆ ಒಂದು ಸೀಟು. ಇವತ್ತಿಂದ ನಾನೂ ಗಿರಾಕಿ."

ಮಾಲೀಕರು ಜೋರಾಗಿ ನಕ್ಕರು. ಅಣ್ಣ ಪೆನ್ನು ತೆಗೆದು ನನ್ನ ಮುಂದಿಟ್ಟ.

"ಕೆಲಸ ಬಿಟ್ಟೆ ಅಂತ ಅತ್ತಿಗೆಗೆ ಹೇಗೆ ಹೇಳ್ತೀಯೋ?" ಎಂದೆ.

"ಅವಳಿಗೂ ಒಂದು ಸೀಟು ಬರ್ಕೋ."

ಬುಕಿಂಗ್ ಫಾರಂ ತೆಗೆದು, ಬಂದ ಗಿರಾಕಿಗಳಿಗೆಲ್ಲ ಕೇಳುವುದನ್ನೇ ಅವನಿಗೂ ಕೇಳಿಬಿಟ್ಟೆ: "ಮೊದಲು ಯಾವಾಗಾದ್ರೂ ಬೆಟ್ಟ ಹತ್ತಿದ್ದೀರಾ?"

"ಈ ವರ್ಷ ಇಲ್ಲ ಕಣೇ," ಎಂದ.