ಅಮ್ಮ ಒರೆಸಿದ ಗೋಡೆ

ಕುದುರೆ ಯಜಮಾನರ ಕಥೆ ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ. ಊರಾಚೆಯ ಆ ದೊಡ್ಡ ಮನೆಯ ಮೆಟ್ಟಿಲನ್ನು ಅವರು ಕುದುರೆಯ ಮೇಲೆ ಕೂತೇ ಹತ್ತುತ್ತಿದ್ದುದು ನಿಜ. ತಮ್ಮ ಮುದಿ ಕುದುರೆಯನ್ನು ಊಟದ ಮೇಜಿಗೆ ಕರೆತಂದು, ಮನೆಗೆ ಬಂದ ನ್ಯಾಯಾಧೀಶರನ್ನು ಅದರ ಪಕ್ಕದಲ್ಲಿ ಕೂರಿಸಿದ್ದೂ ನಿಜ. ಕೇಳಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆಮೇಲೆ ಕುದುರೆಯ ಗಲೀಜು ಬಳಿದು ತೆಗೆದವರು ಯಾರೆಂದು ಒಬ್ಬರೂ ಕೇಳುವುದಿಲ್ಲ. ನಮ್ಮಮ್ಮ. ನಲವತ್ತೊಂದು ವರ್ಷ ಆ ಮನೆಯನ್ನು ಗುಡಿಸಿ ಒರೆಸಿದವಳು ಅವಳು.

ಯಜಮಾನರು ತೀರಿಕೊಂಡ ಮೇಲೆ ಮನೆ ಕೆಡವುವುದೆಂದಾಯಿತು. ಊಟದ ಕೋಣೆಯ ಮರದ ಗೋಡೆಯನ್ನು ಮಾತ್ರ ಹಲಗೆ ಹಲಗೆಯಾಗಿ ಬಿಚ್ಚಿ, ಪೇಟೆಯ ಮ್ಯೂಸಿಯಂನಲ್ಲಿ ಮತ್ತೆ ಜೋಡಿಸುವ ಕೆಲಸ ಬಡಗಿಯಾದ ನನಗೆ ಬಂತು. ಆರುನೂರ ಹನ್ನೆರಡು ಹಲಗೆ. ಬಿಚ್ಚುವ ಮೊದಲೇ ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ನಂಬರು ಬರೆದೆ. ಮೊಳೆಯಲ್ಲಿ ಗೀಚಿದರೆ ಪಾಲಿಶ್ ಹಾಳಾಗುತ್ತದಲ್ಲ.

ಲಾರಿ ಎರಡು ದಿನ ತಡವಾಯಿತು. ನಾನು ಬಂದು ನೋಡಿದರೆ ಅಂಗಳದಲ್ಲಿ ಪೇರಿಸಿದ್ದ ಹಲಗೆಗಳೆಲ್ಲ ಪಳಪಳ ಹೊಳೆಯುತ್ತಿವೆ. ಅಮ್ಮ ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಯಾರೋ ತಲೆಕೆಟ್ಟವರು ಮೈತುಂಬ ಗೀಚಿಬಿಟ್ಟಿದ್ರು ಕಣೋ. ಬೇರೆ ಕಡೆ ಹೋಗೋ ಸಾಮಾನು ಹೀಗೆ ಕೊಳಕಾಗಿ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಆ ತಲೆಕೆಟ್ಟವನು ನಾನೇ. ನಂಬರಿಲ್ಲದ ಹಲಗೆಗಳನ್ನು ಹಾಗೇ ಲಾರಿಗೆ ಹೇರಿಸಿದೆ.

ಮ್ಯೂಸಿಯಂ ಮೇಡಂ ತಲೆಯ ಮೇಲೆ ಕೈಹೊತ್ತು ಕೂತರು. ಆ ಕೋಣೆಯದೆಂದು ಇದ್ದದ್ದು ಒಂದೇ ಫೋಟೊ. ಅದರಲ್ಲೂ ಗೋಡೆಯನ್ನೆಲ್ಲ ಕುದುರೆಯೇ ಮುಚ್ಚಿತ್ತು. ತಿಂಗಳೊಳಗೆ ಗೋಡೆ ನಿಲ್ಲದಿದ್ದರೆ ಹಲಗೆಗಳನ್ನು ಹರಾಜಿಗೆ ಹಾಕುತ್ತೇವೆ ಎಂದರು. ಅಷ್ಟು ದೊಡ್ಡ ಮನೆಯಲ್ಲಿ ಉಳಿದದ್ದು ಅದೊಂದೇ. ಹನ್ನೆರಡು ದಿನ ಕೂಡಿಸಿದೆ, ಬಿಚ್ಚಿದೆ. ನೋಡಲು ಎಲ್ಲ ಒಂದೇ ಥರ, ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಕೂಡುವುದಿಲ್ಲ. ಕೊನೆಗೆ ಸೋತು ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವಳ ಮುಖ ಸಣ್ಣಗಾದದ್ದನ್ನು ನೋಡಿ, ಹೇಳಬಾರದಿತ್ತು ಅನಿಸಿತು.

"ನನ್ನ ಅಲ್ಲಿಗೆ ಕರ್ಕೊಂಡು ಹೋಗು," ಎಂದಳು.

ಹೋದವಳು ಒಂದು ಹಲಗೆ ಎತ್ತಿಕೊಂಡು ಅಂಗೈಯಿಂದ ಸವರಿದಳು. "ಇದು ಕಿಟಕಿ ಎಡಕ್ಕೆ. ಈ ಸಿಬರಿಗೆ ಒರೆಸೋ ಬಟ್ಟೆ ಸಿಕ್ಕಿಕೊಳ್ತಿತ್ತು. ಇದು ಬಾಗಿಲ ಹತ್ರದ್ದು, ಯಜಮಾನ್ರು ಚಾಟಿ ಒರಗಿಸಿ ಒರಗಿಸಿ ಗುಳಿ ಬಿದ್ದಿದೆ ನೋಡು." ಇಟ್ಟೆ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಮೂರು ದಿನದಲ್ಲಿ ಗೋಡೆ ನನ್ನ ಸೊಂಟ ದಾಟಿತು, ಹೆಗಲು ದಾಟಿತು. ಮೇಡಂ ತಮ್ಮ ಕುರ್ಚಿಯನ್ನೇ ಅಮ್ಮನಿಗೆ ತಂದುಕೊಟ್ಟರು. ನನಗಂತೂ ಹೆಮ್ಮೆಯಿಂದ ಕಣ್ಣು ತುಂಬಿತು.

ನಾಲ್ಕನೆಯ ದಿನ ಅಮ್ಮ ಒಂದು ಹಲಗೆ ತೆಗೆದುಕೊಂಡಳು, ತಿರುಗಿಸಿ ನೋಡಿದಳು, ಕೆಳಗಿಟ್ಟಳು. ಇನ್ನೊಂದನ್ನೂ ಹಾಗೇ.

"ಸುಸ್ತಾಯ್ತೇನಮ್ಮ? ನಾಳೆ ನೋಡೋಣ ಬಿಡು."

"ಸುಸ್ತಲ್ಲ ಕಣೋ." ಎದ್ದು ಗೋಡೆಗೆ ಒತ್ತಿ ನಿಂತು ತೋಳನ್ನು ಪೂರ್ತಿ ಎತ್ತಿದಳು. ಬೆರಳ ತುದಿ ಜೋಡಿಸಿದ್ದ ಕೊನೆಯ ಹಲಗೆಯ ಮೇಲಂಚಿಗೆ ಸರಿಯಾಗಿ ಮುಟ್ಟಿತು. "ಇಷ್ಟೇ ನಂಗೆ ಎಟುಕ್ತಿದ್ದದ್ದು."

ಇನ್ನೂರಕ್ಕೂ ಹೆಚ್ಚು ಹಲಗೆ ನೆಲದ ಮೇಲೆ ಬಿದ್ದಿದ್ದವು. ಅಮ್ಮ ಅವುಗಳ ಕಡೆ ನೋಡಿದಳು.

"ಮೇಲಿನವು ನನ್ನ ಕೈಗೆ ಮೊದಲು ಸಿಕ್ಕಿದ್ದೇ ಆವತ್ತು, ಅಂಗಳದಲ್ಲಿ. ಅದಕ್ಕೇ ಅಷ್ಟು ಚೆನ್ನಾಗಿ ಒರೆಸಿಬಿಟ್ಟೆ."